ಡಯೋಡ್ ಬದಲಿಸುತ್ತಾ ಕಳೆದ ಒಂದು ರಾತ್ರಿ

ಗಾಜಿನ ಡಯೋಡ್ ಸದ್ದಿಲ್ಲದೆ ಒಡೆಯುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ ಅದು. ಅದರ ತಂತಿಗಾಲನ್ನು ಮೈಗೆ ತೀರಾ ಹತ್ತಿರದಲ್ಲಿ ಬಗ್ಗಿಸಿಬಿಟ್ಟಿದ್ದೆ. ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಮಲ್ಟಿಮೀಟರ್ ಹಿಡಿದರೆ ಯಾವ ದಿಕ್ಕಿನಲ್ಲೂ ಏನೂ ತೋರಿಸಲಿಲ್ಲ. ನನ್ನ ಬಳಿ ಇದ್ದ, ಜರ್ಮೇನಿಯಂ ಎಂಬ ಅರೆವಾಹಕದಿಂದ ಮಾಡಿದ ಡಯೋಡ್‌ಗಳೇ ಮೂರು, ಈಗ ಎರಡು. ಕಟ್ಟುತ್ತಿದ್ದ ಪೆಡಲ್‌ಗೆ ಬೇಕಾದದ್ದೂ ಎರಡೇ. ಉಳಿದವುಗಳ ಕಾಲನ್ನು ಸಣ್ಣ ಇಕ್ಕಳದಲ್ಲಿ ಹಿಡಿದು, ಗಾಜಿನಿಂದ ಅರ್ಧ ಸೆಂಟಿಮೀಟರ್ ಬಿಟ್ಟು, ಉಸಿರು ಬಿಗಿಹಿಡಿದು ಬಗ್ಗಿಸಿದೆ.

ಗಿಟಾರ್‌ಗೆಂದು ನಾನೇ ಕಟ್ಟಿದ ಮೊದಲ ಡಿಸ್ಟಾರ್ಷನ್ ಪೆಡಲ್ ಅದು, ಅಂದರೆ ಗಿಟಾರಿನ ದನಿಯನ್ನು ಬೇಕೆಂದೇ ಒರಟಾಗಿಸುವ, ಕಾಲಲ್ಲಿ ಒತ್ತುವ ಡಬ್ಬಿ. ಎಂಎಕ್ಸ್‌ಆರ್ ಕಂಪನಿಯ ಡಿಸ್ಟಾರ್ಷನ್ ಪ್ಲಸ್ ಪೆಡಲ್ ಮಾದರಿಯ ಸರ್ಕ್ಯೂಟ್: 9 ವೋಲ್ಟ್ ಬ್ಯಾಟರಿ, ಒಂದು ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್), ಅದರ ಮುಂದೆ 10 ಕಿಲೋಓಮ್ ರೆಸಿಸ್ಟರ್, ಆಮೇಲೆ ಸಿಗ್ನಲ್ ಮತ್ತು ಗ್ರೌಂಡ್ ನಡುವೆ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಕೂತ ಎರಡು ಡಯೋಡ್. ಗಿಟಾರಿನ ಪುಟ್ಟ ಸಿಗ್ನಲ್ಲನ್ನು ಆಪ್‌ಆಂಪ್ ಸುಮಾರು 200 ಪಟ್ಟು ಹಿಗ್ಗಿಸುತ್ತದೆ. ಡಯೋಡ್‌ಗಳು ಅಲೆಯ ನೆತ್ತಿಯನ್ನು ಮೇಲೂ ಕೆಳಗೂ ಕತ್ತರಿಸುತ್ತವೆ. ಎಂಎಕ್ಸ್‌ಆರ್‌ನಲ್ಲಿದ್ದದ್ದು ಜರ್ಮೇನಿಯಂ, ಹೆಚ್ಚುಕಡಿಮೆ ಅದೇ ಸರ್ಕ್ಯೂಟಿನ ಡಿಓಡಿ ಕಂಪನಿಯ 250 ಪೆಡಲ್‌ನಲ್ಲಿ ಸಿಲಿಕಾನ್. ಇಷ್ಟೇ ವ್ಯತ್ಯಾಸಕ್ಕೆ ಜನ ಇದು ಬೇರೆ, ಅದು ಬೇರೆ ಅನ್ನುತ್ತಾರಲ್ಲ, ಅದನ್ನು ನನ್ನ ಕಿವಿಯಲ್ಲೇ ಕೇಳಬೇಕು ಅನ್ನಿಸಿತ್ತು. ಅದಕ್ಕೇ ಡಯೋಡ್‌ಗಳನ್ನು ಬೆಸೆಯದೆ, ಬೇಕಾದಾಗ ಕಿತ್ತು ಬದಲಿಸಲೆಂದು, ಚಿಪ್ ಕೂರಿಸುವ ಐಸಿ ಸಾಕೆಟ್ಟಿನ ತುಂಡೊಂದನ್ನು ಆ ಜಾಗದಲ್ಲಿ ಕೂರಿಸಿದ್ದೆ.

ಮೊದಲು ಜರ್ಮೇನಿಯಂ ಹಾಕಿದೆ. ದನಿ ಮೆತ್ತಗೆ, ಸ್ವಲ್ಪ ಮಂಕು. ಸಿಲಿಕಾನ್ 1ಎನ್4148 ಹಾಕಿದಾಗ ಚುರುಕಾಯಿತು. ಎಲ್‌ಇಡಿಯೂ ಒಂದು ಡಯೋಡೇ; ಕೆಂಪು ಎಲ್‌ಇಡಿ ಎರಡು ಸಿಕ್ಕಿಸಿ ಕಾರ್ಡ್ ಬಾರಿಸಿದೆ, ಕೋಣೆಯೇ ತುಂಬಿತು. ಇನ್ನು ಹುಡುಕುವುದೇನಿದೆ, ಇದೇ ಸರಿ ಎಂದು ತಮ್ಮನನ್ನು ಕರೆದು ಕೇಳಿಸಿದೆ. ಅವನು ಮೂರನ್ನೂ ಕೇಳಿ, "ಅಣ್ಣ, ಇದು ಜೋರಾಗಿದೆ ಅಷ್ಟೇ" ಅಂದ.

ಅವನ ಮಾತು ನಿಜವೇ ಆಗಿತ್ತು. ಜರ್ಮೇನಿಯಂ ಸುಮಾರು 0.3 ವೋಲ್ಟ್‌ಗೆ ಕತ್ತರಿಸುತ್ತದೆ, ಸಿಲಿಕಾನ್ 0.6ರ ಆಸುಪಾಸು, ಕೆಂಪು ಎಲ್‌ಇಡಿ 1.7ರ ಹತ್ತಿರ. ಅಂದರೆ ಎಲ್‌ಇಡಿ ಹಾಕಿದಾಗ ಹೊರಬರುವ ಸಿಗ್ನಲ್ ಜರ್ಮೇನಿಯಂನದಕ್ಕಿಂತ ಐದು ಪಟ್ಟಿಗೂ ಹೆಚ್ಚು. ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ತಕ್ಷಣ ಒಪ್ಪಿಬಿಡುತ್ತದೆ. ಹಾಗಾಗಿ ಮತ್ತೆ ಮೊದಲಿಂದ ಶುರು ಮಾಡಿದೆವು. ಫೋನಿನಿಂದ ಒಂದೇ ಸಮನೆಯ ಸ್ವರ ಕೊಟ್ಟು, ಪ್ರತಿ ಸಲ ಡಯೋಡ್ ಬದಲಿಸಿದಾಗ ಔಟ್‌ಪುಟ್ಟನ್ನು ಮಲ್ಟಿಮೀಟರಿನಲ್ಲಿ ಅಳೆದು, ವಾಲ್ಯೂಮ್ ನಾಬ್ ತಿರುಗಿಸಿ ಒಂದೇ ಮಟ್ಟಕ್ಕೆ ತಂದೆವು. ನಾನು ಗೋಡೆಗೆ ಮುಖ ಮಾಡಿ ಬಾರಿಸುವುದು, ತಮ್ಮ ಯಾವುದನ್ನು ಹಾಕಿದ್ದೇನೆಂದು ಹೇಳದೆ ಬದಲಿಸುವುದು.

ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, ಪೂರ್ತಿ ಏರಿಸಿದಾಗ ಸಿಲಿಕಾನ್ ಯಾವುದು, ಎಲ್‌ಇಡಿ ಯಾವುದು ಎಂದು ಹೇಳಲು ನನಗೆ ಆಗಲೇ ಇಲ್ಲ. ಗೇನ್ ಇಳಿಸಿ ಮೆಲ್ಲಗೆ ಮೀಟಿದಾಗ ಮಾತ್ರ ಎಲ್‌ಇಡಿ ಸಿಕ್ಕಿಬೀಳುತ್ತಿತ್ತು, ಏಕೆಂದರೆ ಸಣ್ಣ ಸ್ವರಗಳನ್ನು ಅದು ಮುಟ್ಟುವುದೇ ಇಲ್ಲ. ಜರ್ಮೇನಿಯಂ ಅನ್ನು ಮಾತ್ರ ಪ್ರತಿ ಸಲವೂ ಗುರುತಿಸಿದೆ. ಅದರಲ್ಲಿ ಕತ್ತರಿಕೆಯ ಅಂಚು ದುಂಡಗಿರುತ್ತದೆ. 0.3 ವೋಲ್ಟ್ ಎಂದು ಬರೆದುಕೊಂಡರೂ ಅದು ಅಲ್ಲೇ ಗೋಡೆಯ ಹಾಗೆ ನಿಲ್ಲುವುದಿಲ್ಲ; ಕರೆಂಟ್ ಹೆಚ್ಚಿದ ಹಾಗೆ ಅದರ ಮೇಲಿನ ವೋಲ್ಟೇಜ್ ಸಿಲಿಕಾನ್‌ನದಕ್ಕಿಂತ ಬೇಗ ಏರುತ್ತದೆ. 1ಎನ್34ಎ ಎಂಬ ಜರ್ಮೇನಿಯಂ ಡಯೋಡಿನ ಡೇಟಾಶೀಟ್ (ತಯಾರಕರ ವಿವರ ಪಟ್ಟಿ) ನೋಡಿ, 5 ಮಿಲಿಆಂಪಿಯರ್‌ಗೆ 1 ವೋಲ್ಟ್ ಅಂತಿರುತ್ತದೆ. ಬರೀ ಆ 0.3 ನೋಡಿ ಜರ್ಮೇನಿಯಂ ಕೊಳ್ಳುವವರು ಈ ಸಾಲನ್ನೂ ಓದಬೇಕು.

ನೀಲಿ ಎಲ್‌ಇಡಿಯನ್ನೂ ಹಾಕಿ ನೋಡಿದೆವು. ಅದಕ್ಕೆ 3 ವೋಲ್ಟ್ ಬೇಕು. 9 ವೋಲ್ಟ್ ಬ್ಯಾಟರಿಯಲ್ಲಿ ಸಿಗ್ನಲ್ ಮೇಲೆ ಕೆಳಗೆ ಮೂರು ಚಿಲ್ಲರೆ ವೋಲ್ಟ್ ಓಡಾಡುವಷ್ಟರಲ್ಲಿ ಆಪ್‌ಆಂಪೇ ಸೋತು ಕತ್ತರಿಸತೊಡಗುತ್ತದೆ. ಡಯೋಡ್ ಕಿತ್ತುಹಾಕಿದರೂ ಹೆಚ್ಚುಕಡಿಮೆ ಅದೇ ದನಿ.

ಆಮೇಲೆ ಒಂದು ಸಲ ತಂತಿ ಮೀಟಿದ್ದೇ ನಿಲ್ಲಿಸಿಬಿಟ್ಟೆ. "ಇದೇನೋ ಇದು? ಏನು ಹಾಕಿದೆ?" ಒರಟುತನ ಇತ್ತು, ಆದರೆ ಅದರೊಳಗೆ ಸ್ವರದ ಮೈ ಉಳಿದಿತ್ತು, ಎರಡು ಸ್ವರ ಜೊತೆಯಾಗಿ ಮೀಟಿದರೂ ಕಲಸಿಹೋಗಲಿಲ್ಲ. ತಿರುಗಿ ನೋಡಿದರೆ ಎರಡೂ ಸಿಲಿಕಾನ್ ಡಯೋಡ್‌ಗಳ ಕಪ್ಪು ಪಟ್ಟಿ ಒಂದೇ ಕಡೆಗಿತ್ತು. ತಮ್ಮ ಗಡಿಬಿಡಿಯಲ್ಲಿ ಒಂದನ್ನು ತಿರುಗಿಸಿ ಹಾಕಿದ್ದ. ಅಲೆಯ ಒಂದು ಬದಿ ಮಾತ್ರ ಕತ್ತರಿಸಿಹೋಗುತ್ತಿತ್ತು, ಇನ್ನೊಂದು ಆಪ್‌ಆಂಪಿನ ಮಿತಿಯವರೆಗೆ ಬೆಳೆಯುತ್ತಿತ್ತು. ಜೋರಾಗಿಯೂ ಇತ್ತು, ಮಟ್ಟ ಇಳಿಸಿ ಮತ್ತೆ ಕೇಳಿದೆ. ಆಗಲೂ ಹಿಡಿಸಿತು.

ಎರಡೂ ಬದಿ ಸಮನಾಗಿ ಕತ್ತರಿಸಿದರೆ ಬೆಸ ಹಾರ್ಮೋನಿಕ್‌ಗಳಷ್ಟೇ, ಅಂದರೆ ಮೂಲ ಸ್ವರದ ಕಂಪನಸಂಖ್ಯೆಯ ಮೂರು, ಐದರಂಥ ಬೆಸ ಪಟ್ಟಿನ ಸ್ವರಗಳಷ್ಟೇ ಸೇರುತ್ತವೆ. ಬದಿಗಳು ಅಸಮವಾದರೆ ಸಮ ಸಂಖ್ಯೆಯವೂ ಬರುತ್ತವೆ, ಅದರಲ್ಲಿ ಎರಡನೆಯದು ಮೂಲ ಸ್ವರದ ಮೇಲಿನ ಸ್ಥಾಯಿಯೇ. ಬಾಸ್ (Boss) ಕಂಪನಿಯ ಎಸ್‌ಡಿ-1 ಪೆಡಲ್ ಒಂದು ಬದಿಗೆ ಎರಡು, ಇನ್ನೊಂದಕ್ಕೆ ಒಂದು ಡಯೋಡ್ ಇಡುವುದು ಇದಕ್ಕೇ, ಅಲ್ಲಿ ಅವು ಆಪ್‌ಆಂಪಿನ ಫೀಡ್‌ಬ್ಯಾಕ್‌ನಲ್ಲಿ (ಔಟ್‌ಪುಟ್ಟನ್ನು ಇನ್‌ಪುಟ್ಟಿಗೆ ಮರಳಿಸುವ ದಾರಿಯಲ್ಲಿ) ಕೂತಿರುತ್ತವೆ ಅಷ್ಟೇ. ನಾನೂ ಹಾಗೇ ಮಾಡಿದೆ: ಒಂದು ಕಡೆ ಸಾಲಾಗಿ ಎರಡು 1ಎನ್4148, ಇನ್ನೊಂದು ಕಡೆ ಒಂದು. ಪೆಡಲ್‌ನಲ್ಲಿ ಇವತ್ತಿಗೂ ಇರುವುದು ಅದೇ. ಅಷ್ಟು ಜೋಪಾನ ಮಾಡಿದ ಜರ್ಮೇನಿಯಂ ಜೋಡಿ ಡಬ್ಬಿಗೆ ವಾಪಸಾಯಿತು.

ತಮ್ಮ ಮಲಗಿದ ಮೇಲೆ, ಮುಚ್ಚಳ ಹಾಕುವ ಮೊದಲು, ಕೆಂಪು ಎಲ್‌ಇಡಿಗಳನ್ನು ಇನ್ನೊಮ್ಮೆ ಸಿಕ್ಕಿಸಿ ಲೈಟ್ ಆರಿಸಿದೆ. ಐದನೇ ತಂತಿಯನ್ನು ಖಾಲಿ ಮೀಟಿದೆ. ಎರಡೂ ಮಸುಕಾಗಿ ಹೊತ್ತಿಕೊಂಡವು, ಸ್ವರ ಸವೆದ ಹಾಗೆ ತಾವೂ ಸಣ್ಣಗಾದವು. ಅವು ಆರಿಹೋದ ಹೊತ್ತಿಗೆ ಒರಟು ಕಳಚಿತ್ತು, ತಂತಿ ಬರೀ ತನ್ನ ದನಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಮಿಡಿಯುತ್ತಿತ್ತು.