ನಡುವಿಂದ ವೈರ್ ಯಾಕೆ ಎಳೆಯಲ್ಲ?

"ಅಲ್ಲೋ ತಮ್ಮಾ, ಎರಡು ಬ್ಯಾಟರಿ ಅದಾವಲ್ಲ. ನಡುವಿಂದ ಒಂದ್ ವೈರ್ ಎಳದ್ರ ಹನ್ನೆರಡು ವೋಲ್ಟ್ ಬರ್ತದ. ಈ ಡಬ್ಬಿ ಯಾಕ ಬೇಕ?"

ಭಾನುವಾರ ಬೆಳಗ್ಗೆ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲೆ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿಗಳು ದೂರದವರೊಡನೆ ಮಾತಾಡುವ ರೇಡಿಯೋ, ಹರಡಿಕೊಂಡು ಕೂತರೆ, ವಾಕಿಂಗ್ ಬಂದವರಲ್ಲಿ ಒಬ್ಬರಾದರೂ ಇದನ್ನು ಕೇಳದೆ ಮುಂದೆ ಹೋಗುವುದಿಲ್ಲ. (ಲೈಸೆನ್ಸ್ ಇದೆ. ಅದು ಎರಡನೇ ಪ್ರಶ್ನೆ.) ಹೇಳಿ ಹೇಳಿ ಬಾಯಿ ನೋಯ್ತು. ಬರೆದುಬಿಡುತ್ತೇನೆ.

ಸೆಟ್ಟಿನ ಸಿಗ್ನಲ್ಲಿಗೆ ಬಲ ತುಂಬುವ ನನ್ನ ಆಂಪ್ಲಿಫೈಯರ್‌ನಲ್ಲಿರುವುದು ಐಆರ್‌ಎಫ್510 ಮಾಸ್‌ಫೆಟ್, ಒಂದು ಬಗೆಯ ಟ್ರಾನ್ಸಿಸ್ಟರ್. 12 ವೋಲ್ಟಿನಲ್ಲಿ ಅದು ಮೈಗಳ್ಳ. 24 ಕೊಟ್ಟರೆ ಮೈ ಮುರಿದು ದುಡಿಯುತ್ತದೆ. ಅದಕ್ಕೇ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್, ಒಂದರ ಬಾಲಕ್ಕೆ ಇನ್ನೊಂದು. ಆದರೆ ರೇಡಿಯೋ ಸೆಟ್ಟಿಗೆ ಬೇಕಿರುವುದು 12. ಅದಕ್ಕೆ 24 ಕೊಟ್ಟರೆ ಹೊಗೆ ಬರುತ್ತದೆ, ಮಾತು ಬರಲ್ಲ. ಆ ಡಬ್ಬಿ ಬಕ್ ಕನ್ವರ್ಟರ್, 24ನ್ನು 12ಕ್ಕೆ ಇಳಿಸುತ್ತದೆ.

ನಡುವಿಂದ ಎಳೆದರೂ 12 ಬರುತ್ತದೆ, ಸುಳ್ಳಲ್ಲ. ಆದರೆ ಸೆಟ್ಟಿನ ಭಾರವೆಲ್ಲ ಕೆಳಗಿನ ಬ್ಯಾಟರಿಯ ತಲೆಗೆ. ಮನೆಗೆ ಬಂದು ಎರಡನ್ನೂ ಒಟ್ಟಿಗೆ ಚಾರ್ಜಿಗೆ ಹಾಕಿದರೆ ಮೇಲಿನದು ತುಂಬಿ ಕುದಿಯುತ್ತದೆ, ಕೆಳಗಿನದಕ್ಕೆ ಹೊಟ್ಟೆ ತುಂಬುವುದೇ ಇಲ್ಲ. ಹೀಗೇ ನಡೆದರೆ ಎರಡೂ ಹಾಳು. "ಜೋಡೆತ್ತು ಇದ್ದಾಗ ಒಂದನ್ನೇ ದಿನಾ ಗಳೇಕ್ಕ ಕಟ್ತೀರೇನ್ರಿ ಕಾಕಾ?" ಅಂತ ಕೇಳಿದೆ. ನಕ್ಕರು. ಮುಂದಿನ ವಾರ ಮತ್ತೆ ಅದನ್ನೇ ಕೇಳಿದರು.

"ಒಂದು ರೆಸಿಸ್ಟರ್ ಹಾಕಿದ್ರ ಸಾಕ್ರಿ" ಅನ್ನುವವರು ಬೇರೆ. ಆ 'ಸಾಕ್ರಿ'ಗೇ ನನಗೆ ಸಿಟ್ಟು. ಸುಮ್ನೆ ಕೇಳುವಾಗ ನನ್ನ ಸೆಟ್ ಅರ್ಧ ಆಂಪಿಯರ್ ಎಳೆಯುತ್ತದೆ, ಮಾತಾಡುವಾಗ 2. ಅರ್ಧ ಆಂಪಿಯರಿಗೆ 12 ವೋಲ್ಟ್ ಇಳಿಸಲು 24 ಓಮ್ ಬೇಕು. ಅದೇ ರೆಸಿಸ್ಟರಿನಲ್ಲಿ 2 ಆಂಪಿಯರ್ ಹರಿಯಬೇಕೆಂದರೆ 48 ವೋಲ್ಟ್ ಅದೇ ನುಂಗಬೇಕು. ಇರುವುದೇ 24! ಮೈಕ್ ಒತ್ತಿದ ತಕ್ಷಣ ಸೆಟ್ ಸತ್ತುಬೀಳುತ್ತದೆ. ಇನ್ನು 7812 ಐಸಿ, ಹೆಚ್ಚಿನ ವೋಲ್ಟನ್ನು ಬಿಸಿಯಾಗಿ ಸುಟ್ಟು 12 ಕೊಡುವ ಚಿಪ್. 2 ಆಂಪಿಯರಿಗೆ 24 ವಾಟ್ ಬರೀ ಬಿಸಿ. ಬ್ಯಾಟರಿ ಬೆನ್ನ ಮೇಲೆ ಹೊತ್ತು ತಂದಿರುವುದು ಬೆಟ್ಟ ಕಾಯಿಸಲಿಕ್ಕಲ್ಲ.

ನಿಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಿಲ್ಲ: ಆ ಡಬ್ಬಿ ರೇಡಿಯೋದಲ್ಲಿ ಗಲಾಟೆ ಮಾಡಲ್ವಾ?

ಮಾಡುತ್ತದೆ! ಒಳಗಿನ ಎಲ್‌ಎಂ2596 ಚಿಪ್ ಆ 24 ವೋಲ್ಟನ್ನು ಸೆಕೆಂಡಿಗೆ ಸುಮಾರು 1,50,000 ಸಲ ಆನ್-ಆಫ್ ಮಾಡುತ್ತದೆ. ಕಾಯಿಲ್, ಕೆಪಾಸಿಟರ್ ಸೇರಿ ಅದನ್ನು ಸಮ ಮಾಡುತ್ತವೆ. ಆದರೆ 150 ಕಿಲೋಹರ್ಟ್ಸ್ ಒಂದೇ ಇರುವುದಿಲ್ಲ, ಮರಿ ಹಾಕುತ್ತದೆ. 300, 450, 600. 47ನೇ ಮರಿ ಎಲ್ಲಿಗೆ ಬರುತ್ತದೆ, ಗುಣಿಸಿ ನೋಡಿ: 7,050 ಕಿಲೋಹರ್ಟ್ಸ್. ನಾವು ಮಾತಾಡುವ 40 ಮೀಟರ್ ಬ್ಯಾಂಡ್ 7,000ದಿಂದ 7,200. ಸರಿಯಾಗಿ ನಮ್ಮ ಪಡಸಾಲೆಗೇ ಬಂದು ಕೂತಿತು.

ಮೊದಲ ದಿನ ಹೆಡ್‌ಫೋನ್ ಹಾಕಿದರೆ ಕಿವಿಯೊಳಗೆ ಸೊಳ್ಳೆ ಹೊಕ್ಕಂತೆ ಕುಂಯ್ ಅಂತ ಸದ್ದು. ಬೆಂಗಳೂರಿನ ಗೆಳೆಯ ಕರೆಯುತ್ತಿದ್ದಾನೆ, ಅವನ ದನಿ ಸೊಳ್ಳೆಯ ಅಡಿಗೆ ಸಿಕ್ಕಿಕೊಂಡಿದೆ. ಕರೆಂಟ್ ಲೈನಿನದೇ ತಪ್ಪು ಅಂತ ಬೈದುಕೊಂಡು ಆಂಟೆನಾ ವೈರನ್ನು ಮೂರು ಮರ ಬದಲಿಸಿ ಕಟ್ಟಿದೆ. ಕೊನೆಗೆ ಡಬ್ಬಿ ಬಿಚ್ಚಿಟ್ಟು, ಸ್ಕೂಟರ್ ಬ್ಯಾಟರಿಯಿಂದ ಸೆಟ್ ನಡೆಸಿದೆ. ಸೊಳ್ಳೆ ಮಾಯ. ಕಳ್ಳ ನನ್ನ ಚೀಲದಲ್ಲೇ ಇದ್ದ.

ಗಲಾಟೆ ಹೊರಗೆ ಸೋರದಂತೆ ಈಗ ಕನ್ವರ್ಟರ್ ತಗಡಿನ ಬಿಸ್ಕೀಟ್ ಡಬ್ಬಿಯಲ್ಲಿದೆ. ಒಳಗೆ ಹೋಗುವ ವೈರು, ಹೊರಗೆ ಬರುವ ವೈರು ಎರಡನ್ನೂ ಜಡೆಯಂತೆ ಹೊಸೆದು, ವೈರಿನಲ್ಲಿ ಬರುವ ಗಲಾಟೆ ತಡೆಯುವ ಫೆರೈಟ್ ಉಂಗುರಕ್ಕೆ ಏಳೆಂಟು ಸುತ್ತು ಸುತ್ತಿದ್ದೇನೆ. ಸೊಳ್ಳೆ ಪೂರ್ತಿ ಸತ್ತಿಲ್ಲ. ಚಿಪ್ ಬಿಸಿಯಾದಂತೆ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ, ನಾನೂ ಡಯಲ್ ತಿರುಗಿಸಿ ಅದಕ್ಕೆ ದಾರಿ ಬಿಡುತ್ತೇನೆ.

ಹಳೇ ಮಾನಿಟರ್ ಕೇಬಲ್ಲಿನ ತುದಿಗೆ ಕಪ್ಪು ಗಂಟು ಇರುತ್ತದಲ್ಲ, ಅದು ಫೆರೈಟ್. ಗುಜರಿಗೆ ಹಾಕಬೇಡಿ. ಭಾನುವಾರ ಬೆಟ್ಟಕ್ಕೆ ತಂದುಕೊಟ್ಟರೆ ಚಹಾ ಕುಡಿಸುತ್ತೇನೆ. ನಡುವಿನ ವೈರಿನ ಸುದ್ದಿ ಮಾತ್ರ ತೆಗೆಯಬೇಡಿ.