ಸ್ಪೇನ್‌ನಲ್ಲಿ ನೆಲೆಸಲು ಯಾವ ಊರು ಒಳ್ಳೆಯದು?

ನಾನು ವಲೆನ್ಸಿಯಾದಲ್ಲಿ ಇದ್ದೇನೆಂದು ಗೊತ್ತಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಬೆಂಗಳೂರಿನಿಂದ, ಮೈಸೂರಿನಿಂದ, ಕೆಲವೊಮ್ಮೆ ದುಬೈಯಲ್ಲಿರುವ ಕನ್ನಡಿಗರಿಂದ. ಹೆಚ್ಚಿನವರ ಮನಸ್ಸಿನಲ್ಲಿ ಉತ್ತರ ಆಗಲೇ ಸಿದ್ಧವಾಗಿರುತ್ತದೆ: ಬಾರ್ಸಿಲೋನಾ ಅಥವಾ ಮಾಲಗ, ಬಾಲ್ಕನಿಯಿಂದ ಸಮುದ್ರ ಕಾಣಬೇಕು. ನನ್ನಿಂದ ಬೇಕಾಗಿರುವುದು ಒಂದು ‘ಹೂಂ’ ಅಷ್ಟೇ. ನಾನು ಹೂಂಗುಟ್ಟುವುದಿಲ್ಲ. ಫೆಬ್ರವರಿಯಲ್ಲಿ, ಹಬ್ಬವಿಲ್ಲದ ಒಂದು ಮಂಗಳವಾರ, ಆ ಊರು ಹೇಗಿರುತ್ತದೆಂದು ಹೋಗಿ ನೋಡಿ ಎನ್ನುತ್ತೇನೆ.

ಗಾಂದಿಯಾವನ್ನೇ ತೆಗೆದುಕೊಳ್ಳಿ. ವಲೆನ್ಸಿಯಾದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಹಳೆಯ ಊರು ಒಳಗಿದೆ, ಕಡಲತೀರದ ಬಡಾವಣೆ ಕೆಲವು ಕಿಲೋಮೀಟರ್ ಆಚೆಗಿದೆ. ಆಗಸ್ಟ್‌ನಲ್ಲಿ ಆ ತೀರದಲ್ಲಿ ಟವೆಲ್ ಹಾಸಲೂ ಜಾಗ ಸಿಗದು. ಫೆಬ್ರವರಿಯ ಸಂಜೆ ಹೋದರೆ, ಸಾಲುಸಾಲು ಅಪಾರ್ಟ್‌ಮೆಂಟ್‌ಗಳ ಕಿಟಕಿಗಳಿಗೆಲ್ಲ ‘ಪರ್ಸಿಯಾನಾ’, ಅಂದರೆ ಸುರುಳಿ ಪರದೆ, ಕೆಳಗೆ ಎಳೆದಿರುತ್ತದೆ. ಇಡೀ ಕಟ್ಟಡದಲ್ಲಿ ಎರಡೋ ಮೂರೋ ಮನೆಗಳಲ್ಲಿ ದೀಪ. ಬಾರಿನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಸರಪಳಿ ಬಿಗಿದಿರುತ್ತಾರೆ. ಅಲ್ಲಿನ ಮನೆಗಳಲ್ಲಿ ಬಹಳಷ್ಟು ಮ್ಯಾಡ್ರಿಡ್‌ನವರ ಬೇಸಿಗೆ ಮನೆಗಳು. ಅದೇ ಹೊತ್ತಿಗೆ ಒಳಗಿನ ಗಾಂದಿಯಾದಲ್ಲಿ ಶಾಲೆ ಬಿಟ್ಟ ಮಕ್ಕಳು, ತರಕಾರಿ ಚೀಲ ಹಿಡಿದ ಅಜ್ಜಿಯರು, ಔಷಧಿ ಅಂಗಡಿಯ ಮುಂದೆ ಸರದಿ. ಬದುಕಬೇಕಾದದ್ದು ಈ ಊರಿನಲ್ಲಿ. ಸಮುದ್ರಕ್ಕೆ ಬಸ್ಸಿದೆ.

ಚಳಿಗಾಲದಲ್ಲೇ ಮನೆ ನೋಡಬೇಕು ಎನ್ನಲು ಇನ್ನೊಂದು ಕಾರಣ ಚಳಿಯೇ. ಮೆಡಿಟರೇನಿಯನ್ ಎಂದರೆ ಬಿಸಿಲು ಎಂದುಕೊಂಡು ಬರುವವರಿಗೆ ಇಲ್ಲಿನ ಹಳೆಯ ಮನೆಗಳೊಳಗಿನ ಥಂಡಿ ಗೊತ್ತಿರುವುದಿಲ್ಲ. ಟೈಲ್ಸ್ ನೆಲ, ತೇವದ ಗೋಡೆ, ಕೇಂದ್ರೀಯ ತಾಪನ ವ್ಯವಸ್ಥೆ ಇಲ್ಲ. ಕೊಳವೆ ಅನಿಲ ಬರದ ಕಟ್ಟಡಗಳಲ್ಲಿ ಈಗಲೂ 12.5 ಕಿಲೋದ ಕಿತ್ತಳೆ ಬಣ್ಣದ ಬ್ಯೂಟೇನ್ ಸಿಲಿಂಡರ್‌ಗಳೇ ಗತಿ. ಆ ದೃಶ್ಯ ಮಾತ್ರ ನಮಗೆ ಹೊಸದಲ್ಲ. ದಕ್ಷಿಣಕ್ಕೆ ಮುಖಮಾಡಿದ ಮನೆಯೇ ಎಂದು ಕೇಳುವುದನ್ನು ಮರೆಯಬೇಡಿ. ನಮ್ಮ ವಾಸ್ತು ಒಪ್ಪದಿದ್ದರೂ ಜನವರಿಯ ಬಿಸಿಲು ಒಳಗೆ ಬರುವುದು ಆ ಕಡೆಯಿಂದಲೇ.

ನೀರಿನ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 2024ರ ಅಕ್ಟೋಬರ್ 29ರಂದು ವಲೆನ್ಸಿಯಾ ಪ್ರಾಂತ್ಯದಲ್ಲಿ ಬಂದ ಪ್ರವಾಹದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಪೈಪೋರ್ತಾ, ಕತರ್ರೋಖಾದಂಥ ಊರುಗಳಲ್ಲಿ ಅಂದು ಮಳೆ ಹೆಚ್ಚೇನೂ ಬಿದ್ದಿರಲಿಲ್ಲ. ಮೇಲಿನ ಗುಡ್ಡಗಳಲ್ಲಿ ಸುರಿದದ್ದು ವರ್ಷದ ಬಹುಪಾಲು ಒಣಗಿಯೇ ಇರುವ ಹಳ್ಳದಲ್ಲಿ ಒಮ್ಮೆಲೇ ಇಳಿದು ಬಂತು. ಅನೇಕರು ಸತ್ತದ್ದು ನೆಲಮಹಡಿಯ ಮನೆಗಳಲ್ಲಿ ಮತ್ತು ನೆಲದಡಿಯ ಗ್ಯಾರೇಜ್‌ಗಳಲ್ಲಿ. ನಗರ ಬಹುಮಟ್ಟಿಗೆ ಉಳಿದದ್ದಕ್ಕೆ ಕಾರಣ ಹಳೆಯ ದುರಂತ: 1957ರ ಪ್ರವಾಹದ ನಂತರ ತುರಿಯಾ ನದಿಯನ್ನು ಊರ ಹೊರಗೆ ಹೊಸ ಕಾಲುವೆಗೆ ತಿರುಗಿಸಿದ್ದರು. ಹಳೆಯ ಪಾತ್ರ ಈಗ ಉದ್ಯಾನ. ಸಂಜೆ ಜನ ಅಲ್ಲೇ ಓಡುತ್ತಾರೆ. ಸ್ಪೇನ್ ಸರ್ಕಾರ ಪ್ರವಾಹ ವಲಯಗಳ ನಕ್ಷೆಯನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ವಿಳಾಸವನ್ನು ಅದರಲ್ಲಿ ಹುಡುಕಿ. ಕೆರೆಯಂಗಳದಲ್ಲಿ ಬಡಾವಣೆ ಎದ್ದದ್ದನ್ನು ಕಂಡ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳಿದ್ದರೆ ಊರಿನ ಆಯ್ಕೆ ಎಂದರೆ ಭಾಷೆಯ ಆಯ್ಕೆಯೂ ಹೌದು. ಬಾರ್ಸಿಲೋನಾದ ಸರ್ಕಾರಿ ಶಾಲೆಯಲ್ಲಿ ಮಗು ಮುಖ್ಯವಾಗಿ ಕಟಲಾನ್‌ನಲ್ಲಿ ಕಲಿಯುತ್ತದೆ. ವಲೆನ್ಸಿಯಾದಲ್ಲಿ ಸ್ಪ್ಯಾನಿಷ್ ಜೊತೆಗೆ ವಲೆನ್ಸಿಯನ್ ಇದೆ. ಯಾವುದು ಪ್ರಧಾನ ಮಾಧ್ಯಮವಾಗಬೇಕೆಂದು 2025ರಲ್ಲಿ ಪೋಷಕರಿಂದ ಮತ ಹಾಕಿಸಿದರು. ಮ್ಯಾಡ್ರಿಡ್, ಮಾಲಗಗಳಲ್ಲಿ ಸ್ಪ್ಯಾನಿಷ್ ಒಂದೇ. ‘ಅಯ್ಯೋ, ಇನ್ನೊಂದು ಭಾಷೆ ಯಾಕೆ?’ ಎಂದು ಕನ್ನಡಿಗರೇ ಕೇಳಿದಾಗ ನನಗೆ ನಗು ಬರುತ್ತದೆ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎನ್ನುವ ನಾವು ಬಾರ್ಸಿಲೋನಾದಲ್ಲಿ ಕಟಲಾನ್ ಕಲಿಯಬೇಡವೇ? ಅದು ಹೊರೆ ಎನಿಸಿದರೆ ಮಾಲಗಕ್ಕೆ ಹೋಗಿ, ಅದರಲ್ಲೇನೂ ತಪ್ಪಿಲ್ಲ. ಅಲ್ಲಿಗೆ ಹೋಗಿ ಸುತ್ತ ಇಂಗ್ಲಿಷರನ್ನೇ ಕಟ್ಟಿಕೊಂಡು ಯಾವ ಭಾಷೆಯನ್ನೂ ಕಲಿಯದೆ ಇರುವುದು ಮಾತ್ರ ನನಗೆ ಹಿಡಿಸದು.

ವೀಸಾ ವಿಚಾರ ಚಿಕ್ಕದಾಗಿ. ಮನೆ ಕೊಂಡರೆ ವಾಸದ ಪರವಾನಗಿ ಕೊಡುತ್ತಿದ್ದ ‘ಗೋಲ್ಡನ್ ವೀಸಾ’ 2025ರ ಏಪ್ರಿಲ್ 3ಕ್ಕೆ ಮುಗಿಯಿತು; ಈಗಲೂ ಅದನ್ನು ಮಾರಲು ಬರುವ ದಲ್ಲಾಳಿಯನ್ನು ನಂಬಬೇಡಿ. ಉಳಿತಾಯದಲ್ಲಿ ಬದುಕುವವರ ವೀಸಾಕ್ಕೆ ಒಬ್ಬರಿಗೆ ತಿಂಗಳಿಗೆ 2,400 ಯೂರೋ ಲೆಕ್ಕದಲ್ಲಿ ಹಣ ತೋರಿಸಬೇಕು, ಆದರೆ ಕೆಲಸ ಮಾಡುವಂತಿಲ್ಲ. ಹೊರದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆ 2023ರಿಂದ ಬೇರೆ ವೀಸಾ ಇದೆ. ಊರನ್ನು ನಿರಾಳವಾಗಿ ಆರಿಸಿಕೊಳ್ಳುವ ಅವಕಾಶ ನಿಜವಾಗಿ ಇರುವುದು ಈ ಎರಡು ಬಗೆಯವರಿಗೆ. ಇಲ್ಲೇ ನೌಕರಿ ಹುಡುಕುವವರನ್ನು ಮ್ಯಾಡ್ರಿಡ್ ಅಥವಾ ಬಾರ್ಸಿಲೋನಾ ತಾನಾಗಿಯೇ ಎಳೆದುಕೊಳ್ಳುತ್ತದೆ.

ಬಾಡಿಗೆ ಕರಾರಿನಲ್ಲಿ ಒಂದು ಪರಿಚಿತ ಸಂಖ್ಯೆ ಕಣ್ಣಿಗೆ ಬೀಳುತ್ತದೆ: 11 ತಿಂಗಳು. ಕಾನೂನಿನ ಪ್ರಕಾರ ವಾಸದ ಮನೆಯಲ್ಲಿ ಬಾಡಿಗೆದಾರ ಐದು ವರ್ಷ ಉಳಿಯಬಹುದು. ಅದನ್ನು ತಪ್ಪಿಸಲು ಕೆಲವು ಮಾಲೀಕರು ‘ತಾತ್ಕಾಲಿಕ ವಾಸ’ ಎಂದು ಬರೆದು 11 ತಿಂಗಳ ಕರಾರು ಮುಂದಿಡುತ್ತಾರೆ. ಪುರಸಭೆಯ ನಿವಾಸಿ ದಾಖಲೆಯಾದ ‘ಪದ್ರೋನ್’ ಮಾಡಿಸಕೂಡದು ಎನ್ನುವವರೂ ಇದ್ದಾರೆ. ಶಾಲಾ ಪ್ರವೇಶದಿಂದ ಆರೋಗ್ಯ ಕೇಂದ್ರದವರೆಗೆ ಎಲ್ಲದಕ್ಕೂ ಆ ಕಾಗದ ಬೇಕು. ಅಂಥ ಮನೆ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಇಷ್ಟಾದ ಮೇಲೂ ‘ಒಂದು ಹೆಸರು ಹೇಳಿ’ ಎಂದು ಪಟ್ಟು ಹಿಡಿದರೆ ಹೇಳುತ್ತೇನೆ. ಮಕ್ಕಳಿರುವ, ದೂರದಿಂದ ದುಡಿಯುವ ಕುಟುಂಬಕ್ಕೆ ವಲೆನ್ಸಿಯಾ ನಗರ ಅಥವಾ ಅದಕ್ಕಿಂತ ಚಿಕ್ಕದಾದ ಕಸ್ತೆಯೋನ್. ಮಳೆ, ಹಸಿರು ಇಲ್ಲದೆ ಉಸಿರಾಡದ ಮಲೆನಾಡಿನವರು ಮೆಡಿಟರೇನಿಯನ್ ಬಿಟ್ಟು ಅಟ್ಲಾಂಟಿಕ್ ಕಡೆಯ ವೀಗೊ ನೋಡಲಿ, ಬಿಡದೆ ಸುರಿಯುವ ಮಳೆ ಅಲ್ಲಿದೆ. ಸೋನಾ ಮಸೂರಿ ಹತ್ತಿರದಲ್ಲೇ ಸಿಗಬೇಕು ಎನ್ನುವವರಿಗೆ ದಕ್ಷಿಣ ಏಷ್ಯಾದ ಅಂಗಡಿಗಳಿರುವ ಬಾರ್ಸಿಲೋನಾದ ರವಾಲ್ ಅಥವಾ ಮ್ಯಾಡ್ರಿಡ್‌ನ ಲವಪಿಯೆಸ್‌ಗೆ ಮೆಟ್ರೊದಲ್ಲಿ ಹೋಗಿಬರುವಷ್ಟು ಹತ್ತಿರ ಇರುವುದೇ ಮೇಲು. ಮನೆ ಹುಡುಕಲು ಆಗಸ್ಟ್‌ನಲ್ಲಿ ಮಾತ್ರ ಬರಬೇಡಿ: ತೀರದಲ್ಲಿ ಬಾಡಿಗೆ ಏರಿರುತ್ತದೆ, ನಗರದಲ್ಲಿ ಮನೆ ತೋರಿಸಬೇಕಾದವರೇ ರಜೆಯ ಮೇಲೆ ಹೋಗಿರುತ್ತಾರೆ.