ನಮ್ಮಲ್ಲಿ ಗರ್ಭಪಾತ ಕಾನೂನುಬದ್ಧ. ಸರಿ, ಯಾರ ಪಾಲಿಗೆ?

ಭಾರತೀಯ ನ್ಯಾಯ ಸಂಹಿತೆಯ 88ನೇ ಸೆಕ್ಷನ್ ಒಮ್ಮೆ ಓದಿ ನೋಡಿ. ಗರ್ಭಪಾತ ಮಾಡಿಸಿದವರಿಗೆ 3 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹೊಟ್ಟೆಯಲ್ಲಿ ಕೂಸು ಮಿಸುಕಾಡುವ ಹಂತಕ್ಕೆ ಬಂದಿದ್ದರೆ 7 ವರ್ಷದವರೆಗೆ ಜೈಲು, ಮೇಲೆ ದಂಡ. ಕೆಳಗೆ ವಿವರಣೆಯಲ್ಲಿ ಇನ್ನೊಂದು ಸಾಲು: ತನ್ನ ಗರ್ಭವನ್ನು ತಾನೇ ತೆಗೆದುಕೊಂಡ ಹೆಂಗಸೂ ಇದರಡಿ ಬರುತ್ತಾಳೆ. ತಾಯಿಯ ಜೀವ ಉಳಿಸಲು ಸದ್ಭಾವನೆಯಿಂದ ಮಾಡಿದ್ದಕ್ಕೆ ಮಾತ್ರ ವಿನಾಯಿತಿ. 1860ರ ದಂಡ ಸಂಹಿತೆಯಲ್ಲಿ 312 ಎಂದಿದ್ದದ್ದು 2024ರ ಜುಲೈ 1ರಿಂದ 88 ಆಯಿತು, ಒಕ್ಕಣೆ ಹೆಚ್ಚುಕಡಿಮೆ ಹಾಗೇ ಉಳಿಯಿತು.

ಹಾಗಾದರೆ 'ನಮ್ಮಲ್ಲಿ 1971ರಿಂದಲೇ ಗರ್ಭಪಾತ ಹಕ್ಕು' ಎಂದು ಎದೆತಟ್ಟಿಕೊಳ್ಳುವವರು ಹೇಳುವುದೇನು? ಅವರು ಹೇಳುವುದು ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನು, ಆಸ್ಪತ್ರೆಯವರ ಬಾಯಲ್ಲಿ ಎಂಟಿಪಿ. ಕದ್ದುಮುಚ್ಚಿ ನಡೆಯುವ ಗರ್ಭಪಾತಗಳಲ್ಲಿ ಹೆಂಗಸರು ಸಾಯುತ್ತಿದ್ದುದನ್ನು ನೋಡಿ ಕೇಂದ್ರ ಸರ್ಕಾರ 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ಮಾಡಿತು. ಅದರ ವರದಿಯ ಮೇಲೆ 1971ರಲ್ಲಿ ಕಾಯ್ದೆಯಾಗಿ, 1972ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 3ನೇ ಸೆಕ್ಷನ್ ಯಾರನ್ನು ಕುರಿತು ಮಾತಾಡುತ್ತದೆ ಎಂಬುದನ್ನು ಗಮನಿಸಬೇಕು. 'ಹೆಣ್ಣು ಬಯಸಿದರೆ' ಎಂದು ಅದು ಶುರುವಾಗುವುದಿಲ್ಲ. ಇಂತಿಂಥ ಷರತ್ತಿನಲ್ಲಿ ಗರ್ಭ ತೆಗೆದ ನೋಂದಾಯಿತ ವೈದ್ಯ ಅಪರಾಧಿಯಾಗುವುದಿಲ್ಲ ಎನ್ನುತ್ತದೆ. ಕೊಡೆ ಹಿಡಿದಿರುವುದು ಡಾಕ್ಟರ ತಲೆಯ ಮೇಲೆ. ಹೆಣ್ಣು ಅದರಡಿ ಬರುವುದು ಅವರ ಜೊತೆ ನಿಂತಾಗ ಮಾತ್ರ. ಮುಂದಿನ ಬಹುಪಾಲು ತೊಡಕುಗಳು ಹುಟ್ಟುವುದು ಇಲ್ಲಿಂದಲೇ.

2021ರ ತಿದ್ದುಪಡಿಯ ನಂತರ ಲೆಕ್ಕ ಹೀಗಿದೆ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಇಬ್ಬರು ಬೇಕು, ಅದೂ ನಿಯಮ 3ಬಿ ಪಟ್ಟಿಯಲ್ಲಿರುವವರಿಗೆ ಮಾತ್ರ: ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತೆಯರು, ಬಸಿರಿನ ನಡುವೆ ವಿಧವೆಯಾದ ಅಥವಾ ವಿಚ್ಛೇದನವಾದವರು, ತೀವ್ರ ಅಂಗವೈಕಲ್ಯ ಇರುವವರು, ಮಾನಸಿಕ ಕಾಯಿಲೆಯವರು, ಭ್ರೂಣದಲ್ಲಿ ದೋಷ ಕಂಡವರು, ಸರ್ಕಾರ ಘೋಷಿಸಿದ ವಿಪತ್ತಿನಲ್ಲಿ ಸಿಕ್ಕಿಕೊಂಡವರು. 24 ದಾಟಿದರೆ ಭ್ರೂಣದ ಗಂಭೀರ ದೋಷಕ್ಕೆ ಮಾತ್ರ, ವೈದ್ಯಕೀಯ ಮಂಡಳಿಯ ಒಪ್ಪಿಗೆಯ ಮೇಲೆ. ತಾಯಿಯ ಜೀವಕ್ಕೇ ಕುತ್ತು ಬಂದಾಗ 5ನೇ ಸೆಕ್ಷನ್ ಇದೆ. ಅಲ್ಲಿ ವಾರದ ಮಿತಿಯಿಲ್ಲ, ಎರಡನೇ ವೈದ್ಯರಿಗೆ ಕಾಯಬೇಕಿಲ್ಲ.

20 ವಾರದೊಳಗೂ ಕಾರಣ ಹೇಳಲೇಬೇಕು: ಜೀವಕ್ಕೆ ಅಪಾಯ, ದೇಹ ಅಥವಾ ಮನಸ್ಸಿನ ಆರೋಗ್ಯಕ್ಕೆ ಗಂಭೀರ ಹಾನಿ, ಮಗುವಿಗೆ ತೀವ್ರ ದೋಷ, ಅಥವಾ ಗರ್ಭನಿರೋಧಕ ಕೈಕೊಟ್ಟದ್ದು. ಈ ಕೊನೆಯದು ಮೊದಲು 'ವಿವಾಹಿತ ಮಹಿಳೆ ಅಥವಾ ಆಕೆಯ ಪತಿ' ಎಂದಿತ್ತು, 2021ರಲ್ಲಿ 'ಮಹಿಳೆ ಅಥವಾ ಆಕೆಯ ಸಂಗಾತಿ' ಎಂದಾಯಿತು. ನಿಜ ಹೇಳಬೇಕೆಂದರೆ ಬಹಳಷ್ಟು ಫಾರಂಗಳಲ್ಲಿ 'ಗರ್ಭನಿರೋಧಕ ವಿಫಲ' ಎಂಬುದು ಎಲ್ಲರೂ ದಾಟುವ ಕಾಲುಸಂಕ. 'ಈಗ ನನಗೆ ಮಗು ಬೇಡ' ಎಂದಷ್ಟೇ ಬರೆಯಲು ಅಲ್ಲಿ ಜಾಗವಿಲ್ಲ.

ವಾರ ಎಣಿಸುವ ರೀತಿಯನ್ನು ಚರ್ಚೆಗೆ ಕೂರುವವರಲ್ಲಿ ಅರ್ಧ ಜನ ತಪ್ಪು ತಿಳಿದಿರುತ್ತಾರೆ. ಲೆಕ್ಕ ಗರ್ಭ ಕಟ್ಟಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂದರೆ ಮುಟ್ಟು ತಪ್ಪಿ, ಕಡ್ಡಿಯಲ್ಲಿ ಎರಡು ಗೆರೆ ಕಾಣುವಾಗಲೇ 4 ವಾರ ಮುಗಿದಿರುತ್ತದೆ. 'ಎದೆಬಡಿತ ಕೇಳಿದ ಮೇಲೆ ಬೇಡ, 6 ವಾರ ಸಾಕು' ಎನ್ನುವ ಕಾನೂನು ಕೊಡುವುದು ಸರಿಯಾಗಿ ಎರಡು ವಾರ. ಮುಟ್ಟು ಹಿಂದುಮುಂದಾಗುವವರಿಗೆ ಅದೂ ಇಲ್ಲ.

ಇನ್ನೊಂದು ತುದಿಯಲ್ಲೂ ಇದೇ ಗೋಳು. ಭ್ರೂಣದ ಅಂಗಾಂಗ ನೋಡುವ ಸ್ಕ್ಯಾನ್ ಮಾಡುವುದು 18ರಿಂದ 20 ವಾರದ ಸುಮಾರಿಗೆ. ಅಲ್ಲಿ ಹೃದಯದಲ್ಲೇನೋ ಕಂಡರೆ ಫೀಟಲ್ ಎಕೋ (ಭ್ರೂಣದ ಹೃದಯದ ಸ್ಕ್ಯಾನ್), ಬೇಕಿದ್ದರೆ ಗರ್ಭಜಲ ತೆಗೆದು ಕ್ರೋಮೋಸೋಮ್ ಪರೀಕ್ಷೆ. ಜೀವಕೋಶ ಬೆಳೆಸಿ ನೋಡುವ ಪರೀಕ್ಷೆಯ ವರದಿಗೆ ಎರಡು ವಾರ. ಹಳೆಯ 20 ವಾರದ ಮಿತಿ ಇದೇ ಕಾರಣಕ್ಕೆ ಕುಸಿಯಿತು. 2008ರಲ್ಲಿ ಬಾಂಬೆ ಹೈಕೋರ್ಟ್ ಮುಂದೆ ಬಂದ ದಂಪತಿಗೆ ಭ್ರೂಣದ ಹೃದಯದ ತೊಂದರೆ ಗೊತ್ತಾಗುವ ಹೊತ್ತಿಗೆ ಗಡುವು ಮೀರಿತ್ತು, ಕೋರ್ಟ್ ಅನುಮತಿ ಕೊಡಲಿಲ್ಲ. ಕಾಯ್ದೆ ತಿದ್ದಲು ಆಮೇಲೆ 13 ವರ್ಷ ಬೇಕಾಯಿತು. ಈಗಿನ ನಿಯಮದಂತೆ ಮಂಡಳಿ 3 ದಿನದಲ್ಲಿ ಅಭಿಪ್ರಾಯ ಹೇಳಬೇಕು, ಅರ್ಜಿ ಬಂದ 5 ದಿನದೊಳಗೆ ಕೆಲಸ ಮುಗಿಯಬೇಕು. ಕಾಗದದ ಮೇಲೆ ಚೆನ್ನಾಗಿದೆ. ಮಂಡಳಿಯಲ್ಲಿ ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ರೇಡಿಯಾಲಜಿಸ್ಟ್ ಎಲ್ಲರೂ ಇರಬೇಕು. ಇಷ್ಟು ಜನರನ್ನು ಒಟ್ಟಿಗೆ ಕೂರಿಸಲು ದೊಡ್ಡ ಊರೇ ಬೇಕು, ತಾಲ್ಲೂಕಿನ ಬಸುರಿಗೆ ಒಂದೊಂದು ಓಡಾಟವೂ ಒಂದೊಂದು ದಿನ.

ಮೊದಲ 9 ವಾರದ ಕಥೆ ಬೇರೆ. ಆಗ ಮಾತ್ರೆ ಸಾಕು: ಮೊದಲು ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ, ಒಂದೆರಡು ದಿನದ ನಂತರ ಮಿಸೊಪ್ರೊಸ್ಟಾಲ್ 800 ಮೈಕ್ರೋಗ್ರಾಂ. ಮೊದಲನೆಯದು ಗರ್ಭವನ್ನು ಹಿಡಿದಿಡುವ ಪ್ರೊಜೆಸ್ಟರಾನ್ ಹಾರ್ಮೋನಿನ ಕೆಲಸ ತಡೆಯುತ್ತದೆ, ಎರಡನೆಯದು ಗರ್ಭಕೋಶವನ್ನು ಹಿಂಡುತ್ತದೆ. ನೂರರಲ್ಲಿ 95ಕ್ಕಿಂತ ಹೆಚ್ಚು ಜನರಿಗೆ ಇಷ್ಟರಲ್ಲೇ ಮುಗಿಯುತ್ತದೆ. ಎಡವಟ್ಟಾಗುವುದು ಎಲ್ಲಿ? ವಾರ ತಪ್ಪಾಗಿ ಎಣಿಸಿದಾಗ. ಗರ್ಭನಾಳದಲ್ಲಿ ನಿಂತ ಬಸಿರನ್ನು ಸ್ಕ್ಯಾನ್ ಮಾಡದೆ ಬಿಟ್ಟಾಗ (ಅದಕ್ಕೆ ಈ ಮಾತ್ರೆ ತಟ್ಟುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಸಂಚಕಾರ). ತೀವ್ರ ರಕ್ತಹೀನತೆಯನ್ನು ಗಮನಿಸದಿದ್ದಾಗ. ಎರಡು ವಾರದ ನಂತರ ಮತ್ತೆ ತೋರಿಸಿಕೊಳ್ಳದಿದ್ದಾಗ. ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆಯುತ್ತಿದ್ದು, ಅದು ಎರಡು ಗಂಟೆ ಹಾಗೇ ಮುಂದುವರಿದರೆ, ಅಥವಾ ಜ್ವರ ಒಂದು ದಿನವಾದರೂ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. 12 ವಾರದವರೆಗೆ ಕೈಪಂಪಿನಿಂದ ಹೀರಿ ತೆಗೆಯುವ ಎಂವಿಎ ವಿಧಾನವೂ ಇದೆ, ಕೆಲವೇ ನಿಮಿಷದ ಕೆಲಸ. ಹರಿತವಾದ ಕ್ಯುರೆಟ್‌ನಿಂದ ಕೆರೆಯುವ ಹಳೆಯ ಡಿ ಅಂಡ್ ಸಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ, ಆದರೂ ಅದು ಇನ್ನೂ ಪೂರ್ತಿ ಹೋಗಿಲ್ಲ.

ಮಾತ್ರೆಗೆ ಚೀಟಿ ಬೇಕು, ಅದು ಸರಿ. ಆದರೆ ಚೀಟಿ ಇದ್ದರೂ ಹಲವು ಔಷಧಿ ಅಂಗಡಿಯವರು ಆ ಮಾತ್ರೆಯನ್ನು ಇಟ್ಟುಕೊಳ್ಳುವುದೇ ಇಲ್ಲ. ಹೆಣ್ಣು ಭ್ರೂಣ ಹತ್ಯೆ ತಡೆಯುವವರ ಕಣ್ಣಿಗೆ ಬಿದ್ದೇವೆಂಬ ಅಂಜಿಕೆ. ಇಲ್ಲಿ ಎರಡು ಕಾಯ್ದೆಗಳು ಕಲಸಿಹೋಗಿವೆ. ಲಿಂಗ ಪತ್ತೆ ನಿಷೇಧಿಸುವುದು 1994ರ ಪಿಸಿಪಿಎನ್‌ಡಿಟಿ ಕಾಯ್ದೆ. ಅದು ಹೇಳುವುದು ಪತ್ತೆ ಮಾಡಬೇಡಿ ಎಂದು, ಗರ್ಭಪಾತ ಮಾಡಬೇಡಿ ಎಂದಲ್ಲ. ಸ್ಕ್ಯಾನ್‌ನಲ್ಲಿ ಲಿಂಗ ಕಾಣುವುದೇ ಸುಮಾರು 12-13 ವಾರದ ನಂತರ. 9 ವಾರಕ್ಕೆ ಮುಗಿಯುವ ಮಾತ್ರೆಯನ್ನು ಅಂಗಡಿಯಿಂದ ಓಡಿಸಿದರೆ ಉಳಿಯುವ ಹೆಣ್ಣುಮಕ್ಕಳು ಎಷ್ಟು?

ಗಂಡನ ಸಹಿಯದ್ದು ಇನ್ನೊಂದು ರಗಳೆ. ಕಾಯ್ದೆ ಕೇಳುವುದು 18 ದಾಟಿದ ಹೆಣ್ಣಿನ ಸಹಿಯನ್ನು ಮಾತ್ರ, ಒಪ್ಪಿಗೆ ಪತ್ರವಾದ ಫಾರಂ ಸಿ ಮೇಲೆ. ಅಪ್ರಾಪ್ತೆಯರು ಮತ್ತು ಮಾನಸಿಕ ಕಾಯಿಲೆ ಇರುವವರಿಗಷ್ಟೇ ಪೋಷಕರ ಸಹಿ. ಆದರೂ ಎಷ್ಟೋ ಕಡೆ 'ಮನೆಯವರನ್ನು ಕರೆದುಕೊಂಡು ಬನ್ನಿ' ಎಂದೇ ಮಾತು ಶುರುವಾಗುತ್ತದೆ. ಕಾಯ್ದೆಯ ಕೊಡೆ ತಮಗಾಗಿ ಇದೆ ಎಂದು ಗೊತ್ತಿರುವ ಡಾಕ್ಟರು ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಹಾಳೆ ಹೊದ್ದುಕೊಳ್ಳುತ್ತಾರೆ, ಅಷ್ಟೇ. ಅಪ್ರಾಪ್ತೆಯರ ವಿಷಯದಲ್ಲಿ ಹೆದರಿಕೆಗೆ ಕಾರಣವೂ ಇದೆ: ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸದಿದ್ದರೆ ವೈದ್ಯರ ಮೇಲೇ ಕೇಸು. 17ರ ಹುಡುಗಿ ಒಪ್ಪಿ ಇದ್ದ ಸಂಬಂಧವಾದರೂ ಸರಿ. ಮನೆಯವರು ಠಾಣೆಗೆ ಹೆದರಿ ನಕಲಿ ವೈದ್ಯರ ಬಾಗಿಲು ಹಿಡಿಯುತ್ತಾರೆ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ದಾರಿ ತೋರಿಸಿತು: ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಮಾಹಿತಿ ಕೊಡುವಾಗ ಆಕೆಯ ಹೆಸರು ಹೇಳಬೇಕಿಲ್ಲ. ಅವಿವಾಹಿತೆಯರಿಗೂ 24 ವಾರದವರೆಗೆ ಅವಕಾಶ, ಗಂಡನಿಂದಲೇ ಆದ ಅತ್ಯಾಚಾರವೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರವೇ ಎಂದೂ ಅದೇ ತೀರ್ಪು ಹೇಳಿತು.

ವಿರೋಧಿಸುವವರ ವಾದವನ್ನು ಧರ್ಮದ ಗದ್ದಲ ಎಂದು ತಳ್ಳಿಹಾಕುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಬಸಿರು ಬೆಳೆದಂತೆ ಆ ವಾದಕ್ಕೆ ತೂಕ ಬರುತ್ತದೆ. 24 ವಾರದ ಆಸುಪಾಸಿನಲ್ಲಿ ಹುಟ್ಟಿದ ಕೂಸು ಒಳ್ಳೆಯ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದರೆ ಬದುಕಬಹುದು. ಆ ಹಂತದಲ್ಲಿ ಹೆರಿಗೆ ಮಾಡಿಸಿ ಗರ್ಭ ತೆಗೆಯಬೇಕಾದರೆ, ಮೊದಲು ಭ್ರೂಣದ ಹೃದಯ ನಿಲ್ಲಿಸುವ ಚುಚ್ಚುಮದ್ದು ಕೊಡಬೇಕೇ ಎಂಬ ಪ್ರಶ್ನೆಗೆ ಯಾರಾದರೂ ಉತ್ತರಿಸಲೇಬೇಕು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಇದೇ. ಇಬ್ಬರು ಮಕ್ಕಳ ತಾಯಿ, ಬಾಣಂತಿ ಸನ್ನಿಗೆ ಔಷಧಿ ತೆಗೆದುಕೊಳ್ಳುತ್ತಿದ್ದವರು, ಎದೆಹಾಲು ಕೊಡುತ್ತಿದ್ದುದರಿಂದ ಬಸಿರು ತಿಳಿಯುವುದೇ ತಡವಾಗಿತ್ತು. ಇಬ್ಬರು ನ್ಯಾಯಮೂರ್ತಿಗಳ ಪೀಠ ಎರಡಾಗಿ ಒಡೆಯಿತು, ಅಕ್ಟೋಬರ್ 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು. ಆ ತೀರ್ಪನ್ನು ನಾನು ಒಪ್ಪುವುದಿಲ್ಲ, ಆದರೆ ಅಲ್ಲಿ ಎದ್ದ ಪ್ರಶ್ನೆ ಹುಸಿಯಲ್ಲ. ಹುಸಿ ಎಂದರೆ ಅದೇ ಪ್ರಶ್ನೆಯನ್ನು 8 ವಾರದ ಬಸಿರಿಗೂ ಹೊರಿಸುವುದು. 12 ವಾರದವರೆಗಾದರೂ ಕಾರಣ ಕೇಳದೆ, ಹೆಣ್ಣಿನ ಮಾತಿನ ಮೇಲೆಯೇ ಆಗಬೇಕು. ಬೇಗ ಮತ್ತು ಸಲೀಸಾಗಿ ಆದಷ್ಟೂ 24ನೇ ವಾರದ ಸಂಕಟಗಳು ಕಡಿಮೆಯಾಗುತ್ತವೆ. ಇದು ವಿರೋಧಿಗಳಿಗೂ ಲಾಭವೇ.

ನಿಷೇಧಿಸಿದರೆ ಏನಾಗುತ್ತದೆ ಎಂಬುದಕ್ಕೆ ರುಮೇನಿಯಾ ಸಾಕು. 1966ರಲ್ಲಿ ಅಲ್ಲಿ ಕೆಲವೇ ವಿನಾಯಿತಿ ಬಿಟ್ಟು ಗರ್ಭಪಾತ ನಿಷೇಧಿಸಿದರು. ತಾಯಂದಿರ ಸಾವು ಯುರೋಪಿನಲ್ಲೇ ಅತಿ ಹೆಚ್ಚಿನದಾಯಿತು. 1989ರ ಡಿಸೆಂಬರ್‌ನಲ್ಲಿ ನಿಷೇಧ ತೆಗೆದ ಮರುವರ್ಷವೇ ಸುಮಾರು ಅರ್ಧಕ್ಕೆ ಇಳಿಯಿತು. ತಾಯಿಯ ಜೀವ ಉಳಿಸಲು ವಿನಾಯಿತಿ ಇದ್ದರೂ ನಿಷೇಧ ಏನು ಮಾಡಬಲ್ಲದು ಎಂಬುದು ಬೆಳಗಾವಿಯವರಿಗೆ ಗೊತ್ತು. ಅಲ್ಲಿಂದ ಐರ್ಲೆಂಡಿಗೆ ಹೋಗಿದ್ದ ದಂತವೈದ್ಯೆ ಸವಿತಾ ಹಾಲಪ್ಪನವರ್ 17 ವಾರದ ಬಸುರಿಯಾಗಿದ್ದಾಗ ಗರ್ಭ ಜಾರಿಹೋಗುತ್ತಿತ್ತು, ಕೂಸು ಉಳಿಯುವ ಸಾಧ್ಯತೆಯೇ ಇರಲಿಲ್ಲ. ಭ್ರೂಣದ ಎದೆಬಡಿತ ಇರುವವರೆಗೆ ಗರ್ಭ ತೆಗೆಯಲಿಲ್ಲ. ಸೋಂಕು ರಕ್ತಕ್ಕೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾಡಬಹುದೆಂಬ ವಿನಾಯಿತಿ ಆಗಲೂ ಆ ದೇಶದಲ್ಲಿತ್ತು. ಎಷ್ಟು ಅಪಾಯವಾದರೆ ಸಾಕು ಎಂಬುದನ್ನು ಜೈಲಿನ ಭಯದಲ್ಲಿ ಅಳೆಯಬೇಕಾಗಿತ್ತು. 2018ರ ಮೇ 25ರ ಜನಮತದಲ್ಲಿ ಮತ ಹಾಕಿದ ಐರಿಷ್ ಜನರಲ್ಲಿ ಶೇ. 66.4 ಮಂದಿ ಗರ್ಭಪಾತವನ್ನು ತಡೆದಿದ್ದ ಸಂವಿಧಾನ ವಿಧಿಯನ್ನು ಕಿತ್ತುಹಾಕಿದರು.

ನಮ್ಮ 88ನೇ ಸೆಕ್ಷನ್ ಅಡಿ ಹೆಂಗಸರನ್ನು ಜೈಲಿಗೆ ಕಳಿಸುವುದು ಅಪರೂಪ, ಹಾಗಾಗಿ ಇದ್ದರೇನು ಎನ್ನುವವರಿದ್ದಾರೆ. ಆದರೆ ಕೇಡು ಮಾಡುವುದು ಅದರ ಭಯ. ತಾನಾಗಿ ಆದ ಗರ್ಭಪಾತಕ್ಕೂ ಮಾತ್ರೆ ನುಂಗಿ ಆದದ್ದಕ್ಕೂ ರಕ್ತಸ್ರಾವ ಒಂದೇ, ಒಳಗೆ ಉಳಿದ ಚೂರು ತೆಗೆಯುವ ರೀತಿ ಒಂದೇ, ಕೊಡುವ ಆ್ಯಂಟಿಬಯಾಟಿಕ್ ಕೂಡ ಒಂದೇ. ಡ್ಯೂಟಿ ಡಾಕ್ಟರಿಗೆ ಬೇಕಾದ್ದು ಯಾವ ಮಾತ್ರೆ, ಎಷ್ಟು, ಯಾವಾಗ ಎಂಬ ಮೂರು ಉತ್ತರ. ಪೊಲೀಸರು ಬರುತ್ತಾರೆಂದು ಹೆದರಿದವಳು ಆ ಮೂರನ್ನೂ ನುಂಗಿಕೊಂಡು, ಜ್ವರ ಏರಿದ ಮೂರನೇ ದಿನ ಬರುತ್ತಾಳೆ.